ಬೈರಿಗೆಯ ಹುಟ್ಟೂರು

ನಮ್ಮ ಮನೆಯ ಹಜಾರದಲ್ಲಿ ಉಯ್ಯಾಲೆಯೊಂದನ್ನು ತೂಗಹಾಕಬೇಕೆಂಬುದು ಮನೆಯವಳ ಬಹುದಿನದ ಆಸೆ. ತಾತನ ಕಾಲದ ಹಲಸಿನ ಮಣೆಯು ಅಟ್ಟದ ಮೇಲೆ ಮೂವತ್ತು ವರ್ಷಗಳಿಂದ ಧೂಳು ಹೊದ್ದು ಮಲಗಿದ್ದಿತು. 2022ರ ಬೇಸಗೆಯ ರಜಕ್ಕೆ ಮೊಮ್ಮಗಳು ಬರುವಳೆಂದು ತಿಳಿದೊಡನೆ ಮಣೆಯನ್ನು ಕೆಳಗಿಳಿಸಿ ಒರಸಿದ್ದಾಯಿತು. ಹಿತ್ತಾಳೆಯ ಸರಪಣಿಗಳನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿದ್ದಾಯಿತು. ಉಳಿದುದು ಒಂದೇ ಕೆಲಸ: ಛಾವಣಿಯ ಕೆಳಗಿನ ಉಕ್ಕಿನ ತೊಲೆಗೆ ನಾಲ್ಕು ತೂತುಗಳನ್ನು ಕೊರೆದು ಕೊಂಡಿಗಳನ್ನು ಬೋಲ್ಟು ಹಾಕಿ ಬಿಗಿಯುವುದು.

ಕೆಲಸಕ್ಕೆ ಬಂದ ಹುಡುಗನು ವಿದ್ಯುತ್ತಿನ ಬೈರಿಗೆಯನ್ನು ತಾನೇ ತಂದಿದ್ದನು. ಅದರ ಮೂತಿಗೆ ಸಿಕ್ಕಿಸುವ ಕೊರೆಗಡ್ಡಿಯನ್ನು, ಎಂದರೆ ಕೆಲಸಗಾರರು ಬಿಟ್ಟು ಎಂದು ಕರೆಯುವುದನ್ನು, ನಾನೇ ತರುವೆನೆಂದು ಹೇಳಿ ಪೇಟೆಗೆ ಹೋದೆನು. ಅಂಗಡಿಯವನು 12 ಮಿಲಿಮೀಟರಿನ ಎರಡು ಬಿಟ್ಟುಗಳನ್ನು ಮುಂದಿಟ್ಟನು. ಒಂದು ನಮ್ಮ ದೇಶದ್ದು. ನೋಡುವುದಕ್ಕೆ ಬಹು ಸಾಧಾರಣ. ಇನ್ನೊಂದು ಹೊಂಬಣ್ಣದಿಂದ ಥಳಥಳಿಸುತ್ತಿದ್ದಿತು. ಅದರ ಬುಡದಲ್ಲಿ ಇಂಗ್ಲಿಷಿನಲ್ಲಿ ‘ಜರ್ಮನಿ’ ಎಂದು ಕೆತ್ತಿದ್ದಿತು. ಬೆಲೆಯೋ ಮೊದಲನೆಯದರ ಅರ್ಧದಷ್ಟು. ಜರ್ಮನಿಯ ವಸ್ತುವು ಇಷ್ಟು ಅಗ್ಗವಾಗಿ ದೊರೆಯುವುದು ಹೇಗೆಂದು ಯೋಚಿಸುವ ವಿವೇಕವು ನನಗೆ ಆಗ ಹುಟ್ಟಲಿಲ್ಲ. ಹೆಸರನ್ನು ಕಂಡೆನು, ಹಣವನ್ನು ಎಣಿಸಿದೆನು, ಮನೆಗೆ ಬಂದೆನು.

ಮೊದಲನೆಯ ತೂತು ಹೇಗೋ ಬಿದ್ದಿತು. ಎರಡನೆಯದರ ನಡುವೆ ಹೊಗೆಯೆದ್ದಿತು, ಬಿಟ್ಟು ತೊಲೆಯಲ್ಲಿ ಕಚ್ಚಿಕೊಂಡಿತು, ಫಟ್ಟೆಂದು ಸದ್ದಾಯಿತು. ಏಣಿಯ ಮೇಲಿದ್ದ ಹುಡುಗನು ಮುಖವನ್ನು ಮುಚ್ಚಿಕೊಂಡು ಕೆಳಗಿಳಿದನು. ಸಿಡಿದ ಚೂರು ಎಡಗಣ್ಣಿನ ಹುಬ್ಬಿಗೆ ಬಡಿದಿದ್ದಿತು. ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿದರು. ಅರ್ಧ ಅಂಗುಲ ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿದ್ದಿತೆಂದು ವೈದ್ಯರು ನನ್ನನ್ನು ನೋಡಿ ಹೇಳಿದರು. ಅವರು ಹುಡುಗನನ್ನು ನೋಡಿ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅವನ ನಾಲ್ಕು ದಿನದ ಕೂಲಿಯನ್ನು ಕೊಟ್ಟೆನು. “ಬಿಟ್ಟು ಮುರಿಯುವುದು ಉಂಟು ಸ್ವಾಮಿ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದು ಅವನೇ ನನಗೆ ಸಮಾಧಾನ ಹೇಳಿದನು. ಉಯ್ಯಾಲೆಯ ಮಣೆಯು ಮರಳಿ ಅಟ್ಟವನ್ನೇರಿತು. ಮೊಮ್ಮಗಳು ಬಂದು ಹೋದಳು.

ಮುರಿದ ತುಂಡುಗಳನ್ನು ಎಸೆಯಲಾರದೆ ನಮ್ಮ ತಂದೆಯವರ ಹಳೆಯ ತಗಡಿನ ಪೆಟ್ಟಿಗೆಯಲ್ಲಿ ಹಾಕಿಟ್ಟೆನು. ತಂದೆಯವರು ಕೋಲಾರದ ಚಿನ್ನದ ಗಣಿಯ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವರು. ಆ ಪೆಟ್ಟಿಗೆಯಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿದ ಅವರ ಬಿಟ್ಟುಗಳು ಇಂದಿಗೂ ಇವೆ. ಅವುಗಳಲ್ಲಿ ಒಂದು 12 ಮಿಲಿಮೀಟರಿಗೆ ಸಮೀಪದ್ದು. ಸಾಣೆ ಹಿಡಿದು ಹಿಡಿದು ಹೆಬ್ಬೆರಳಿನಷ್ಟು ಮೋಟಾಗಿದೆ. ಬುಡದಲ್ಲಿ ‘ಶೆಫೀಲ್ಡ್’ ಎಂಬ ಅಕ್ಷರಗಳು ಮಾತ್ರ ಸ್ಪಷ್ಟವಾಗಿವೆ. ತಂದೆಯವರಿಗೆ ಉಕ್ಕೆಂದರೆ ಶೆಫೀಲ್ಡು; ಬೇರೆ ಊರಿನ ಹೆಸರನ್ನು ಹೇಳಿದರೆ ಮೂಗು ಮುರಿಯುತ್ತಿದ್ದರು. ಅವರು ಕಂಡುದು ಆ ಊರಿನ ಸರಕನ್ನು ಮಾತ್ರ, ಊರನ್ನಲ್ಲ.

ಮರುವರ್ಷ, 2023ರಲ್ಲಿ, ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗುವ ಸಂದರ್ಭವೊದಗಿತು. ನೋಡತಕ್ಕ ಸ್ಥಳಗಳ ದೊಡ್ಡ ಪಟ್ಟಿಯನ್ನೇ ಅವಳು ಸಿದ್ಧಪಡಿಸಿದ್ದಳು. ನಾನು ಶೆಫೀಲ್ಡನ್ನು ನೋಡಬೇಕೆಂದಾಗ, “ಅಪ್ಪಾ, ಅಲ್ಲಿ ಅರಮನೆಯಿಲ್ಲ, ಸಮುದ್ರವಿಲ್ಲ, ಏನಿದೆಯೆಂದು ಹೋಗುತ್ತೀರಿ?” ಎಂದು ನಕ್ಕಳು. ತಾತನ ಮೋಟು ಬಿಟ್ಟನ್ನು ನನ್ನ ಪೆಟ್ಟಿಗೆಯಿಂದ ತೆಗೆದು ತೋರಿಸಿದೆನು. ಮಾರನೆಯ ದಿನವೇ ರೈಲಿನ ಟಿಕೆಟ್ಟು ಬಂದಿತು.

ಲಂಡನ್ನಿನಿಂದ ಉತ್ತರಕ್ಕೆ ರೈಲಿನಲ್ಲಿ ಎರಡು ಗಂಟೆಗೆ ಸ್ವಲ್ಪ ಹೆಚ್ಚು ಹಾದಿ. ನಿಲ್ದಾಣದಿಂದ ಹೊರಗೆ ಕಾಲಿಟ್ಟೊಡನೆ ಬಾಗಿದ ಉದ್ದನೆಯ ಉಕ್ಕಿನ ಗೋಡೆಯೊಂದು ಎದುರಾಗುತ್ತದೆ. ಅದರ ಮೈಮೇಲೆ ನೀರು ತೆಳುವಾಗಿ ಇಳಿಯುತ್ತಿರುತ್ತದೆ. ನೀರು ಮತ್ತು ಉಕ್ಕು, ಈ ಊರಿನ ಕಥೆಯೆಲ್ಲವೂ ಅಷ್ಟೇ. ಡಾನ್, ಶೀಫ್, ಪೋರ್ಟರ್, ಲಾಕ್ಸ್‌ಲಿ, ರಿವೆಲಿನ್ ಎಂಬ ಐದು ನದಿಗಳು ಇಲ್ಲಿ ಸೇರುತ್ತವೆ. ನದಿಯೆಂದೊಡನೆ ಕಾವೇರಿ ತುಂಗಭದ್ರೆಯರನ್ನು ನೆನೆಯಬಾರದು. ನಮ್ಮ ಕಡೆ ಹಳ್ಳವೆಂದು ಕರೆಯುವಷ್ಟೇ ಅವುಗಳ ಗಾತ್ರ. ಆದರೆ ಬೆಟ್ಟದಿಂದ ರಭಸವಾಗಿ ಇಳಿದು ನೀರುಗಾಲಿಗಳನ್ನು ತಿರುಗಿಸಿ, ಆ ಗಾಲಿಗಳ ಬಲದಿಂದ ಸಾಣೆಕಲ್ಲುಗಳನ್ನು ಓಡಿಸಿದುವು. ಸಾಣೆಗೆ ಬೇಕಾದ ಒರಟು ಕಲ್ಲು ಹತ್ತಿರದ ಗುಡ್ಡಗಳಲ್ಲಿದ್ದಿತು, ಕಲ್ಲಿದ್ದಲು ನೆಲದಲ್ಲಿದ್ದಿತು. ಇಲ್ಲದಿದ್ದುದು ಒಂದೇ: ಒಳ್ಳೆಯ ಉಕ್ಕಿಗೆ ತಕ್ಕ ಶುದ್ಧವಾದ ಕಬ್ಬಿಣ. ಅದನ್ನು ಸ್ವೀಡನ್ ದೇಶದಿಂದ ಹಡಗಿನಲ್ಲಿ ತರಿಸುತ್ತಿದ್ದರು. ಈ ಸಂಗತಿಯನ್ನು ಕೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆನು. ತಂದೆಯವರು ಪೂಜಿಸುತ್ತಿದ್ದ ಶೆಫೀಲ್ಡಿನ ಉಕ್ಕಿನಲ್ಲಿ ಕಬ್ಬಿಣವೇ ಆ ನೆಲದ್ದಲ್ಲ! ಹಾಗಾದರೆ ಆ ಹೆಸರು ಏನನ್ನು ಹೇಳುತ್ತಿದ್ದಿತು?

ಅದಕ್ಕೆ ಉತ್ತರವು ಊರಿನ ನೈಋತ್ಯದಲ್ಲಿ, ಶೀಫ್ ನದಿಯ ದಡದಲ್ಲಿರುವ ಆಬಿಡೇಲ್ ಎಂಬ ಹಳೆಯ ಕುಡಗೋಲು ಕಾರ್ಖಾನೆಯಲ್ಲಿ ದೊರೆಯಿತು. ಇದನ್ನೀಗ ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಮೂಸೆಯಲ್ಲಿ ಉಕ್ಕನ್ನು ಕರಗಿಸುವ ಕುಲುಮೆಯು ಇಲ್ಲಿ ಸಂಪೂರ್ಣವಾಗಿ ಉಳಿದಿದೆ. ಈ ವಿಧಾನವನ್ನು 1740ರ ದಶಕದಲ್ಲಿ ಶೆಫೀಲ್ಡಿನ ಬಳಿ ನೆಲೆಗೆ ತಂದವನು ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸಗಾರ. ಗಡಿಯಾರದ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಸಿಕ್ಕದೆ ಬೇಸತ್ತು ತಾನೇ ಪ್ರಯೋಗಕ್ಕಿಳಿದವನು. ಮೂಸೆಯ ಜೇಡಿಮಣ್ಣನ್ನು ಕೆಲಸಗಾರರು ಬರಿಗಾಲಿನಲ್ಲಿ ಗಂಟೆಗಟ್ಟಲೆ ತುಳಿದು ಹದಗೊಳಿಸುತ್ತಿದ್ದರು. ಹರಳೊಂದು, ಗಾಳಿಯ ಗುಳ್ಳೆಯೊಂದು ಉಳಿದರೂ ಬೆಂಕಿಯಲ್ಲಿ ಮೂಸೆಯು ಒಡೆದು ಉಕ್ಕೆಲ್ಲ ಬೂದಿಗೆ ಹರಿದುಹೋಗುವುದಾದ್ದರಿಂದ ಅದನ್ನು ಕಾಲ್ಬೆರಳಿನಿಂದಲೇ ಕಂಡುಹಿಡಿಯಬೇಕು. ಉಕ್ಕು ಪಾಕಕ್ಕೆ ಬಂದಿತೇ ಎಂಬುದನ್ನು ಹಿರಿಯನೊಬ್ಬನು ಮೂಸೆಯೊಳಕ್ಕೆ ಇಣಿಕಿ, ಬಣ್ಣವನ್ನು ನೋಡಿ ಹೇಳುತ್ತಿದ್ದನು. ನಮ್ಮ ಮನೆಗಳಲ್ಲಿ ಅಜ್ಜಿಯು ಸಕ್ಕರೆಯ ಪಾಕವನ್ನು ಬೆರಳಿನಲ್ಲಿ ಎಳೆಯೆಳೆದು ನೋಡಿದಂತೆ. ಕಬ್ಬಿಣವು ಎಲ್ಲಿಯದಾದರೇನು, ಆ ಕಾಲ್ಬೆರಳೂ ಆ ಕಣ್ಣೂ ಶೆಫೀಲ್ಡಿನವು. ಮೋಟು ಬಿಟ್ಟಿನ ಬುಡದಲ್ಲಿ ಬರೆದಿದ್ದುದು ಅದನ್ನೇ.

ಕುಲುಮೆಯ ಮುಂದೆ ನಿಂತಾಗ ನಮ್ಮ ನಾಡಿನ ನೆನಪಾಗದೆ ಇರಲಿಲ್ಲ. ಮೂಸೆಯ ಉಕ್ಕನ್ನು ಹಂಟ್ಸ್‌ಮನ್ನನಿಗಿಂತ ಬಹು ಶತಮಾನಗಳ ಮೊದಲೇ ದಕ್ಷಿಣ ದೇಶದವರು ಮಾಡುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅಂಥ ಮೂಸೆಗಳ ಚೂರುಗಳು ದೊರೆತಿವೆ. ಮಣ್ಣಿಗೆ ಬತ್ತದ ಹೊಟ್ಟನ್ನು ಕಲಸಿ ಮಾಡಿದ ಮೂಸೆಗಳವು. ಅದರೊಳಗೆ ಕಬ್ಬಿಣದೊಡನೆ ಆವರಿಕೆಯ ಕಡ್ಡಿಯನ್ನೂ ಹಸುರೆಲೆಯನ್ನೂ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಇಂಥ ಕುಲುಮೆಗಳನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಅದಕ್ಕೂ ಮೊದಲೇ, 1790ರ ದಶಕದಲ್ಲಿ, ಈ ಉಕ್ಕಿನ ಮಾದರಿಗಳು ಬೊಂಬಾಯಿಯಿಂದ ಲಂಡನ್ನಿನ ವಿದ್ವಾಂಸರಿಗೆ ತಲಪಿದ್ದುವು. ಅವರು ಅದನ್ನು ‘ವೂಟ್ಸ್’ ಎಂದು ಕರೆದರು; ಆ ಮಾತು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಬಹುಮಂದಿಯ ಮತ. ನಮ್ಮಲ್ಲಿ ಆ ಕೈಕಸಬು ನಿಂತುಹೋಯಿತು. ಹೆಸರು ಮಾತ್ರ ಪರದೇಶದ ಪುಸ್ತಕಗಳಲ್ಲಿ ಉಳಿಯಿತು.

ಮಧ್ಯಾಹ್ನ ಡಾನ್ ನದಿಯ ಕೆಲಮ್ ದ್ವೀಪದ ಸಂಗ್ರಹಾಲಯವನ್ನು ನೋಡಿದೆವು. ಒಬ್ಬೊಬ್ಬನೇ ಕುಳಿತು ದುಡಿಯುತ್ತಿದ್ದ ಸ್ವತಂತ್ರ ಕಸಬುದಾರರನ್ನು ಅಲ್ಲಿಯವರು ‘ಲಿಟಲ್ ಮೆಸ್ಟರ್’ ಎನ್ನುತ್ತಾರೆ; ನಮ್ಮ ‘ಮೇಸ್ತ್ರಿ’ ಎಂಬ ಮಾತನ್ನೇ ಕೇಳಿದಂತಾಯಿತು. ಸಾಣೆಯ ಧೂಳನ್ನು ಉಸಿರಾಡಿ ಈ ಜನರಲ್ಲಿ ಎಷ್ಟೋ ಮಂದಿ ನಡುವಯಸ್ಸಿಗೆ ಮುನ್ನವೇ ಸಾಯುತ್ತಿದ್ದರಂತೆ. ಒಳ್ಳೆಯ ಹೆಸರಿನ ಹಿಂದೆ ಅದೂ ಇದ್ದಿತು.

ಅಲ್ಲಿಂದ ಊರ ನಡುವಿನ ಕಟ್ಲರ್ಸ್ ಹಾಲ್ ಎಂಬ ಕಂಬಗಳ ಕಟ್ಟಡದ ಮುಂದೆ ಹಾಯ್ದೆವು. ಚಾಕು ಕತ್ತರಿ ಮಾಡುವವರ ಸಂಘವು 1624ರಲ್ಲಿ ಶಾಸನಬದ್ಧವಾಗಿ ಸ್ಥಾಪಿತವಾಗಿ, ಯಾರ ಗುರುತನ್ನು ಯಾರೂ ಕದಿಯದಂತೆ ಕಾಯುತ್ತಿದ್ದಿತು. ಇಲ್ಲಿಯೇ ನನ್ನ ಹೊಂಬಣ್ಣದ ಬಿಟ್ಟಿನ ಕಥೆಯು ತಿರುಗುಮುರುಗಾಗಿ ನನ್ನೆದುರಿಗೆ ನಿಂತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಜೋಲಿಂಗೆನ್ ಮುಂತಾದ ಕಡೆಗಳಿಂದ ಅಗ್ಗದ ಚಾಕುಗಳು ‘ಶೆಫೀಲ್ಡ್’ ಎಂಬ ಮುದ್ರೆಯನ್ನು ಹೊತ್ತು ಮಾರಾಟವಾಗುತ್ತಿದ್ದುವು. ಶೆಫೀಲ್ಡಿನವರು ಗೋಳಿಟ್ಟರು. 1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸರಕುಗಳ ಗುರುತಿನ ಕಾನೂನನ್ನು ಮಾಡಿತು. ಇಂಗ್ಲಿಷ್ ಗುರುತನ್ನು ಹೊತ್ತು ಬರುವ ಹೊರದೇಶದ ಸರಕಿನ ಮೇಲೆ ಅದು ಯಾವ ದೇಶದಲ್ಲಿ ತಯಾರಾಯಿತೆಂಬುದು ಕಾಣಬೇಕೆಂದಾಯಿತು. ‘ಮೇಡ್ ಇನ್ ಜರ್ಮನಿ’ ಎಂಬುದು ಹೀಗೆ ಅಪಮಾನದ ಹಣೆಪಟ್ಟಿಯಾಗಿ ಹುಟ್ಟಿತು. ಜರ್ಮನರು ಸರಕನ್ನು ಸುಧಾರಿಸುತ್ತ ಹೋದರು. ಹತ್ತಾರು ವರ್ಷಗಳಲ್ಲಿ ಆ ಹಣೆಪಟ್ಟಿಯೇ ಹೊಗಳಿಕೆಯಾಯಿತು. ಎಷ್ಟು ಹೊಗಳಿಕೆಯೆಂದರೆ, ನಮ್ಮ ಪೇಟೆಯಲ್ಲಿ ಈಗ ಅದನ್ನೇ ಕದ್ದು ಕೆತ್ತುತ್ತಾರೆ.

ಸಂಜೆ ಕಬ್ಬಿಣದ ಸಾಮಾನಿನ ಅಂಗಡಿಯೊಂದಕ್ಕೆ ಹೋಗಿ, ತಂದೆಯವರ ಮೋಟು ಬಿಟ್ಟನ್ನು ಮುಂದಿಟ್ಟು, ಇದರಂಥದು ಬೇಕೆಂದೆನು. ಅಂಗಡಿಯ ಮುದುಕರು ಕನ್ನಡಕವನ್ನು ಹಣೆಗೇರಿಸಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅವರ ಮುಖದಲ್ಲಿ ಹಳೆಯ ನೆಂಟನನ್ನು ಕಂಡ ಭಾವವಿದ್ದಿತು. ಬಳಿಕ ಡಾರ್ಮರ್ ಹೆಸರಿನ ಪೊಟ್ಟಣವೊಂದನ್ನು ತೆಗೆದುಕೊಟ್ಟರು. 1913ರಲ್ಲಿ ಇದೇ ಊರಿನಲ್ಲಿ ಆರಂಭವಾದ ಸಂಸ್ಥೆಯ ಹೆಸರು ಅದು. ಪೊಟ್ಟಣದ ಬೆನ್ನಿನ ಮೇಲೆ ನೋಡಿದರೆ ‘ಬ್ರೆಜಿಲ್’! ನಾನು ಪೆಚ್ಚಾದುದನ್ನು ಕಂಡು ಮುದುಕರು, ಬಿಟ್ಟು ಒಳ್ಳೆಯದೇ, ಹದ ಕೊಡುವ ವಿದ್ಯೆಯು ಹಡಗನ್ನೇರಿ ಹೋಗಿದೆ ಅಷ್ಟೆ ಎಂಬರ್ಥದಲ್ಲಿ ಏನೋ ಹೇಳಿದರು. ಕೊಳ್ಳದೆ ಹಿಂದಿರುಗಿದೆನು. ಮಗಳು ದಾರಿಯುದ್ದಕ್ಕೂ ಹಾಸ್ಯ ಮಾಡಿದಳು.

ನಮ್ಮ ಬೆಂಗಳೂರಿಗೆ ಮರಳಿದ ಮೇಲೆ, ಈ ಸಲ ಸಿಕ್ಕಿದ ಅಂಗಡಿಗೆ ನುಗ್ಗದೆ, ಪುರಭವನದ ಬಳಿಯ ಸಾದರ ಪತ್ರಪ್ಪ ರಸ್ತೆಗೆ ಹೋದೆನು. ಜನರು ಎಸ್.ಪಿ. ರಸ್ತೆಯೆಂದು ಕರೆಯುವ ಈ ಬೀದಿಯನ್ನು ಅರಿಯದ ಕುಶಲಕರ್ಮಿಯು ಬೆಂಗಳೂರಿನಲ್ಲಿ ಇರಲಾರನು. ಮೊಳೆಯಿಂದ ಮೊದಲುಗೊಂಡು ಕಂಪ್ಯೂಟರಿನವರೆಗೆ ದೊರೆಯದ ವಸ್ತುವಿಲ್ಲ. ಮೂರು ಮಂದಿ ನಿಲ್ಲಲಾರದ ಅಂಗಡಿಯೊಳಗೆ ಮೂರು ದೇಶಗಳ ಸರಕು ಸೂರಿನವರೆಗೆ ಏರಿರುತ್ತದೆ. ಕೈಗಾಡಿ, ಹೊರೆಯಾಳು, ಸ್ಕೂಟರು, ಬೆಲ್ಲದ ಟೀ ಮಾರುವವನು, ಎಲ್ಲರೂ ಒಂದೇ ಓಣಿಯಲ್ಲಿ ಒಬ್ಬರನ್ನೊಬ್ಬರು ತಳ್ಳಿಕೊಂಡು ಸಾಗಬೇಕು.

ಅಲ್ಲಿಯ ಹಳಬರಾದ ಅಂಗಡಿಯ ಯಜಮಾನರೊಬ್ಬರಿಗೆ ಮುರಿದ ‘ಜರ್ಮನಿ’ಯನ್ನೂ ಮೋಟು ಶೆಫೀಲ್ಡನ್ನೂ ತೋರಿಸಿ ನಡೆದುದನ್ನು ಹೇಳಿದೆನು. ಅವರು ಮಾತಾಡದೆ ಎರಡನ್ನೂ ತೆಗೆದುಕೊಂಡು ಹಿಂದಿನ ಸಾಣೆಯ ಯಂತ್ರವನ್ನು ಓಡಿಸಿದರು. ಮೊದಲು ನನ್ನ ಹೊಂಬಣ್ಣದ ತುಂಡನ್ನು ಒತ್ತಿದರು. ದೀಪಾವಳಿಯ ಸುರುಸುರುಬತ್ತಿಯಂತೆ ಬಿಳಿಹಳದಿಯ ಕಿಡಿಗಳು ಕವಲೊಡೆದು ಚಿಮ್ಮಿದುವು. ಬಳಿಕ ತಂದೆಯವರ ಬಿಟ್ಟನ್ನು ತುಸುವೇ ತಾಕಿಸಿದರು. ಕೆಂಪಾದ, ಮಂದವಾದ ಗೆರೆಗಳು ಮಾತ್ರ ಹೊರಟುವು, ಒಂದೂ ಸಿಡಿಯಲಿಲ್ಲ. “ನೋಡಿದಿರಾ ಸ್ವಾಮಿ? ಹೂ ಬಿಟ್ಟಿದ್ದು ಬರೀ ಇಂಗಾಲದ ಉಕ್ಕು. ಕೆಂಪಗೆ ಹೋದದ್ದು ಹೈಸ್ಪೀಡ್ ಉಕ್ಕು. ನಿಮಗೆ ಮಾರಿದ್ದು ಬಣ್ಣ” ಎಂದರು.

ಹೈಸ್ಪೀಡ್ ಉಕ್ಕೆಂಬುದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಲೋಕವನ್ನು ಬೆರಗುಗೊಳಿಸಿದ ವಸ್ತು. ಅಮೆರಿಕದ ಬೆತ್ಲಹೆಮ್ ಕಾರ್ಖಾನೆಯಲ್ಲಿ ಟೇಲರ್ ಮತ್ತು ವೈಟ್ ಎಂಬವರು ಅದರ ಹದವನ್ನು ಕಂಡುಹಿಡಿದಿದ್ದರು. ಉಳಿಯ ಮೂತಿ ಕೆಂಪಗೆ ಕಾದಿದ್ದರೂ ಕಬ್ಬಿಣವನ್ನು ಕತ್ತರಿಸುತ್ತಲೇ ಇದ್ದಿತು. ಬಿಟ್ಟಿನ ತಿರುಚು ರೂಪಕ್ಕೆ 1863ರಲ್ಲಿ ಹಕ್ಕುಪತ್ರ ಪಡೆದ ಸ್ಟೀಫನ್ ಮೋರ್ಸನೂ ಅಮೆರಿಕದವನೇ. ಸಾಧಾರಣ ಇಂಗಾಲದ ಉಕ್ಕು 250 ಡಿಗ್ರಿಯ ಸುಮಾರಿಗೆ ಕಾದೊಡನೆ ತನ್ನ ಗಡಸನ್ನು ಬಿಡತೊಡಗುತ್ತದೆ. ಹೈಸ್ಪೀಡ್ ಉಕ್ಕು 600ರ ಹತ್ತಿರದವರೆಗೂ ತಡೆಯುತ್ತದೆ. ಅದರಲ್ಲಿ ಬೆರೆತಿರುವ ಟಂಗ್‌ಸ್ಟನ್ ಮೊದಲಾದ ಲೋಹಗಳ ಗುಣವದು. ಆದರೆ ಲೋಹ ಬೆರೆಸಿದ ಮಾತ್ರಕ್ಕೆ ಮುಗಿಯಲಿಲ್ಲ. 1200 ಡಿಗ್ರಿಯ ಸಮೀಪಕ್ಕೆ ಕಾಯಿಸಿ ತಣಿಸಬೇಕು. ಮತ್ತೆ 550ರ ಸುಮಾರಿಗೆ ಎರಡು ಮೂರು ಸಲ ಕಾಯಿಸಿ ಬಿಗುವನ್ನು ಇಳಿಸಬೇಕು. ಇದರಲ್ಲಿ ಅವಸರಪಟ್ಟರೆ ಗಾಜಿನಂತೆ ಮುರಿಯುತ್ತದೆ, ಇಲ್ಲವೆ ಮೇಣದಂತೆ ಮಂಡಾಗುತ್ತದೆ. ನಮ್ಮ ಹಜಾರದಲ್ಲಿ ಆದುದು ಇನ್ನೂ ಸರಳ: ಬಿಟ್ಟು ಕಾದಿತು, ಅಂಚು ಮಂಡಾಯಿತು, ತೊಲೆಯಲ್ಲಿ ಸಿಕ್ಕಿಕೊಂಡಿತು, ಯಂತ್ರವೋ ತಿರುಗುತ್ತಲೇ ಇದ್ದಿತು. ಎಣ್ಣೆ ಬಿಡದೆ, ವೇಗ ತಗ್ಗಿಸದೆ ಕೊರೆದುದು ನಮ್ಮ ತಪ್ಪೂ ಹೌದು.

“ಹಾಗಾದರೆ ಯಾವ ದೇಶದ್ದನ್ನು ಕೊಳ್ಳಲಿ?” ಎಂದೆನು.

ಯಜಮಾನರು ನಕ್ಕು ಮೂರು ಪೊಟ್ಟಣಗಳನ್ನು ಇಳಿಸಿದರು. ಎರಡು ಚೀನಾ ದೇಶದವು. ಅಲ್ಲಿಯ ಜಿಯಾಂಗ್ಸು ಪ್ರಾಂತದ ದಾನ್‌ಯಾಂಗ್ ಎಂಬ ಊರು ಇಂದು ಬಿಟ್ಟುಗಳಿಗೆ ಶೆಫೀಲ್ಡಿನಂತಾಗಿದೆ. ಜಗತ್ತಿನ ಗಣಿಗಳಿಂದ ತೆಗೆಯುವ ಟಂಗ್‌ಸ್ಟನ್ನಿನಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಚೀನಾದ್ದೇ. ಆದರೆ ಒಂದೇ ದೇಶದ ಆ ಎರಡು ಬಿಟ್ಟುಗಳಿಗೂ ಬೆಲೆಯಲ್ಲಿ ಅಜಗಜಾಂತರ. ಒಂದು ಪೊಟ್ಟಣದಲ್ಲಿ 4341 ಎಂದೂ, ಇನ್ನೊಂದರಲ್ಲಿ 6542 ಎಂದೂ ಅಚ್ಚಾಗಿದ್ದಿತು. ನಾನು ಸರಕಿನ ಸಂಖ್ಯೆಯೆಂದು ತಿಳಿದಿದ್ದೆನು. ಅದು ಅಡಿಗೆಯ ಪ್ರಮಾಣದಂತೆ: 6542 ಎಂದರೆ ನೂರು ಪಾಲಿನಲ್ಲಿ ಟಂಗ್‌ಸ್ಟನ್ ಸುಮಾರು ಆರು, ಮಾಲಿಬ್ಡಿನಮ್ ಐದು, ಕ್ರೋಮಿಯಮ್ ನಾಲ್ಕು, ವೆನೇಡಿಯಮ್ ಎರಡು. ಇದನ್ನೇ ಅಮೆರಿಕದವರು ಎಂ-2 ಎನ್ನುತ್ತಾರೆ. 4341ರಲ್ಲಿ ಬೆಲೆಬಾಳುವ ಲೋಹಗಳನ್ನು ತಗ್ಗಿಸಿದ್ದಾರೆ. ಮರಕ್ಕೂ ತೆಳು ತಗಡಿಗೂ ಸಾಕು, ತೊಲೆಗೆ ಸಾಲದು. ಎಂ-35 ಎಂದಿದ್ದರೆ ಅದರಲ್ಲಿ ನೂರಕ್ಕೆ ಐದರಷ್ಟು ಕೋಬಾಲ್ಟ್ ಸೇರಿದೆ. ಸ್ಟೇನ್‌ಲೆಸ್ ಪಾತ್ರೆಯಂಥ ಜಿಗುಟು ಉಕ್ಕಿಗೆ ಅದು ಬೇಕು. ಜರ್ಮನಿಯ ನಿಜವಾದ ಬಿಟ್ಟಿನಲ್ಲಿಯೂ ಎರಡು ಬಗೆ: ಎಚ್.ಎಸ್.ಎಸ್.ನ ಮುಂದೆ ‘ಜಿ’ ಇದ್ದರೆ ಗಟ್ಟಿ ಕಡ್ಡಿಯಿಂದ ಸಾಣೆ ಹಿಡಿದು ತೆಗೆದುದು, ‘ಆರ್’ ಇದ್ದರೆ ಕಾಯಿಸಿ ಉರುಳೆಯಲ್ಲಿ ತಿರುಚಿದುದು. ಮೊದಲನೆಯದು ಹೆಚ್ಚು ನೇರ.

ಮೂರನೆಯ ಪೊಟ್ಟಣವು ಚೆನ್ನೈಯದು, 1873ರಲ್ಲಿ ಅಲ್ಲಿ ಸ್ಥಾಪಿತವಾದ ಆಡಿಸನ್ ಸಂಸ್ಥೆಯದು. ಮುಂಬಯಿಯಲ್ಲಿ 1937ರಲ್ಲಿ ಹುಟ್ಟಿದ ಇಂಡಿಯನ್ ಟೂಲ್ ಸಂಸ್ಥೆಯ ಬಿಟ್ಟುಗಳೂ ಆ ಗೂಡಿನಲ್ಲಿದ್ದುವು. ನಾನು ಹಿಂದಿನ ವರ್ಷ ‘ಸಾಧಾರಣ’ವೆಂದು ತಳ್ಳಿದುದು ಇಂಥದನ್ನೇ ಎಂದು ನೆನೆದು ನಾಚಿಕೆಯಾಯಿತು. ಯಜಮಾನರು ಒಂದನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿದರು. ಎಲ್ಲಿಯೂ ತೂಗಾಡದೆ ನೇರವಾಗಿ ಉರುಳಿತು. ಮೂತಿಯನ್ನು ಕಣ್ಣೆದುರಿಗೆ ಹಿಡಿದು, ಎರಡು ಅಂಚುಗಳೂ ಸಮವಾಗಿ ನಡುವಿನಲ್ಲಿ ಕೂಡಿವೆಯೇ ನೋಡಿರೆಂದರು. ಬುಡದಲ್ಲಿ ದೇಶದ ಹೆಸರು ಮಾತ್ರವಿದ್ದು ಮಾಡಿದವನ ಹೆಸರಿಲ್ಲದಿದ್ದರೆ ಮುಟ್ಟಲೇಬೇಡಿರೆಂದೂ ಹೇಳಿದರು. ಕೆಟ್ಟರೆ ಯಾರನ್ನು ಕೇಳುವುದು, ಜರ್ಮನಿಯನ್ನೇ?

ಗೋಡೆಗೆ ಬೇಕಾದ ಬಿಟ್ಟನ್ನೂ ಒಂದು ಕೊಂಡೆನು. ಅದರ ಮೂತಿಯಲ್ಲಿರುವ ಟಂಗ್‌ಸ್ಟನ್ ಕಾರ್ಬೈಡಿನ ತುಣುಕನ್ನು ನಮ್ಮ ಕೆಲಸಗಾರರು ‘ವಿಡಿಯಾ’ ಎನ್ನುವುದನ್ನು ವಾಚಕರು ಕೇಳಿರಬಹುದು. ‘ವಜ್ರದಂತೆ’ ಎಂಬ ಜರ್ಮನ್ ಮಾತಿನಿಂದ ಕ್ರುಪ್ ಸಂಸ್ಥೆಯವರು 1920ರ ದಶಕದಲ್ಲಿ ಕಟ್ಟಿದ ಹೆಸರದು. ಆ ಹೆಸರಿನ ಕಾರ್ಖಾನೆಯು 1964ರಲ್ಲಿ ನಮ್ಮ ಬೆಂಗಳೂರಿಗೇ ಬಂದು ತುಮಕೂರು ರಸ್ತೆಯಲ್ಲಿ ನೆಲೆಸಿದ ಮೇಲೆ, ಮಾತು ಕನ್ನಡವೇ ಆಗಿಹೋಯಿತು.

ಹುಡುಗನನ್ನು ಮರಳಿ ಕರೆಸಿದೆನು. ಹುಬ್ಬಿನ ಮೇಲೆ ಬಿಳಿಯ ಗೆರೆ ಉಳಿದಿದ್ದಿತು. ಮೊದಲು ಅವನ ಕೈಗೆ ಬಿಟ್ಟನ್ನಲ್ಲ, ಕಣ್ಣಿಗೆ ಹಾಕುವ ಕನ್ನಡಕವನ್ನು ಕೊಟ್ಟೆನು. ತೊಲೆಯಲ್ಲಿ ಸಿಕ್ಕಿದ್ದ ಹಳೆಯ ಚೂರಿನ ಪಕ್ಕದಲ್ಲಿ ಹೊಸದಾಗಿ ಗುರುತು ಮಾಡಿ, ಮೊದಲು ಸಣ್ಣ ತೂತು ಹಾಕಿ, ಬಳಿಕ ಚೆನ್ನೈಯ ಬಿಟ್ಟನ್ನು ಸಿಕ್ಕಿಸಿ ಯಂತ್ರವನ್ನು ನಿಧಾನವಾಗಿ ತಿರುಗಿಸಿದನು. ನಾನು ಇನ್ನೊಂದು ಏಣಿಯ ಮೇಲೆ ನಿಂತು ತೆಂಗಿನೆಣ್ಣೆಯನ್ನು ಕಡ್ಡಿಗೆ ಹಚ್ಚಿ ತೊಟ್ಟುತೊಟ್ಟಾಗಿ ತಾಕಿಸಿದೆನು. ಎರಡು ಅಂಚುಗಳಿಂದಲೂ ಉಕ್ಕು ಚಕ್ಕುಲಿಯಂತೆ ಸುರುಳಿಸುರುಳಿಯಾಗಿ ಸಮವಾಗಿ ಇಳಿಯಿತು. ನಾಲ್ಕು ತೂತುಗಳೂ ಒಂದು ಗಂಟೆಯೊಳಗೆ ಮುಗಿದುವು.

ಕೆಲಸ ಮುಗಿಸಿ ಸಾಮಾನನ್ನು ಚೀಲಕ್ಕೆ ತುಂಬುವಾಗ ಅವನ ಕಣ್ಣು ತೆರೆದ ತಗಡಿನ ಪೆಟ್ಟಿಗೆಯ ಮೇಲೆ ಬಿದ್ದಿತು. ಮೋಟು ಬಿಟ್ಟನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು, ಶೆಫೀಲ್ಡಿನ ಮುದುಕರಂತೆಯೇ ತಿರುಗಿಸಿ ನೋಡಿದನು. “ಇದಕ್ಕೆ ಇನ್ನೊಂದು ಸಲ ಸಾಣೆ ಹಿಡಿಯಬಹುದು ಸ್ವಾಮಿ” ಎಂದನು. ತೆಗೆದುಕೊಂಡು ಹೋಗೆಂದು ಹೇಳಿದೆನು.